ಮನೆಯವರಿಗೆಲ್ಲ ಎಚ್‌ಡಿಎಲ್ ಕಡಿಮೆ ಇದ್ದರೆ ಅದು ವಂಶವಾಹಿಯ ಕೆಲಸವೇ?

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯಲ್ಲಿ ಕುಳಿತು ಮಾಡುವ ಲೆಕ್ಕಪತ್ರದ ಕೆಲಸ. ಸಿಗರೇಟು, ಕುಡಿತ ಎರಡೂ ಇಲ್ಲ. ಎತ್ತರ 5 ಅಡಿ 6 ಅಂಗುಲ, ತೂಕ 68 ಕೆ.ಜಿ., ಸೊಂಟದ ಸುತ್ತಳತೆ 93 ಸೆಂ.ಮೀ. ಈಚಿನ ರಿಪೋರ್ಟ್: ಒಟ್ಟು ಕೊಲೆಸ್ಟರಾಲ್ 178, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 215, ಎಚ್‌ಡಿಎಲ್ (‘ಒಳ್ಳೇ’ ಕೊಲೆಸ್ಟರಾಲ್) 29, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) 106. ಎರಡು ವರ್ಷದ ಹಿಂದೆಯೂ ಎಚ್‌ಡಿಎಲ್ 31 ಇತ್ತು. ಅಪ್ಪನದು 30, ತಂಗಿಯದು 34. ಅಮ್ಮನದು ಮಾತ್ರ 88. ಅವರ ಎಲ್‌ಡಿಎಲ್ 168 ಇದ್ದರೂ ‘ಒಳ್ಳೇ ಕೊಲೆಸ್ಟರಾಲ್ ಇಷ್ಟಿರುವಾಗ ಮಾತ್ರೆ ಯಾಕೆ’ ಅನ್ನುತ್ತಾರೆ. ನನ್ನದು ವಂಶವಾಹಿಯ ದೋಷವೇ? ಜೀನ್ ಪರೀಕ್ಷೆ ಮಾಡಿಸಬೇಕೇ? ಎಚ್‌ಡಿಎಲ್ ಏರಿಸುವ ಮಾತ್ರೆ ಇದೆಯೇ?

ಉತ್ತರ: ವಂಶವಾಹಿಯ ಪಾತ್ರ ಇದೆ, ದೊಡ್ಡದಾಗಿಯೇ ಇದೆ. ಜೀನ್ ಪರೀಕ್ಷೆ ನಿಮಗೆ ಬೇಕಿಲ್ಲ. ಎಚ್‌ಡಿಎಲ್ ಅಂಕಿಯನ್ನು ಏರಿಸುವ ಮಾತ್ರೆಗಳು ಬಂದಿವೆ, ಆದರೆ ಅಂಕಿ ಏರಿದ್ದರಿಂದ ಹೃದಯ ಉಳಿಯಿತು ಎಂದು ಅವುಗಳಲ್ಲಿ ಒಂದೂ ತೋರಿಸಿಲ್ಲ. ನಿಮ್ಮ ರಿಪೋರ್ಟಿನಲ್ಲಿ ನಾನು ಮೊದಲು ನೋಡುವುದು 29ನ್ನಲ್ಲ, ಅದರ ಪಕ್ಕದ 215ನ್ನು. ಯಾಕೆಂದು ಹೇಳಬೇಕಾದರೆ ಎಚ್‌ಡಿಎಲ್ ಹೇಗೆ ಹುಟ್ಟುತ್ತದೆ, ಎಲ್ಲಿ ಸವೆಯುತ್ತದೆ ಎಂಬುದರಿಂದ ಶುರುಮಾಡಬೇಕು.

ಲಿವರ್ ಮತ್ತು ಸಣ್ಣ ಕರುಳು ಅಪೋ ಎ-1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಆಗ ಅದರಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಜೀವಕೋಶದ ಗೋಡೆಯಲ್ಲಿರುವ ಎಬಿಸಿಎ-1 ಎಂಬ ಪಂಪು ಅದಕ್ಕೆ ಕೊಲೆಸ್ಟರಾಲನ್ನೂ ಫಾಸ್ಫೋಲಿಪಿಡನ್ನೂ ತುಂಬುತ್ತದೆ. ಎಲ್‌ಕ್ಯಾಟ್ ಎಂಬ ಕಿಣ್ವ ಆ ಕೊಲೆಸ್ಟರಾಲನ್ನು ಎಸ್ಟರ್ ರೂಪಕ್ಕೆ ತಿರುಗಿಸಿ ಕಣದ ಒಳಕ್ಕೆ ತಳ್ಳಿದಾಗ ದುಂಡನೆಯ ಎಚ್‌ಡಿಎಲ್ ತಯಾರಾಗುತ್ತದೆ. ಲಿವರಿನ ಎಸ್‌ಆರ್-ಬಿ1 ಗ್ರಾಹಕ ಈ ಕೊಲೆಸ್ಟರಾಲಿನ ಒಂದು ಪಾಲನ್ನು ಇಳಿಸಿಕೊಳ್ಳುತ್ತದೆ. ಇನ್ನೊಂದು ಪಾಲನ್ನು ಸಿಇಟಿಪಿ ಎಂಬ ಪ್ರೋಟೀನ್ ಎಚ್‌ಡಿಎಲ್‌ನಿಂದ ತೆಗೆದು ಎಲ್‌ಡಿಎಲ್, ವಿಎಲ್‌ಡಿಎಲ್ ಕಣಗಳಿಗೆ ದಾಟಿಸಿ, ಬದಲಿಗೆ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ಗೆ ತರುತ್ತದೆ. ಕೊನೆಗೆ ಲಿವರಿನ ಲೈಪೇಸ್ ಮತ್ತು ರಕ್ತನಾಳದ ಒಳಪದರದ ಎಂಡೋಥೀಲಿಯಲ್ ಲೈಪೇಸ್ ಈ ಕಣಗಳನ್ನು ಕತ್ತರಿಸಿ ಚಿಕ್ಕದಾಗಿಸುತ್ತವೆ.

ಈ ಪ್ರತಿಯೊಂದು ಹಂತಕ್ಕೂ ಒಂದು ಜೀನ್ ಇದೆ, ಪ್ರತಿ ಜೀನಿನಲ್ಲೂ ಜನರಿಂದ ಜನರಿಗೆ ಅಕ್ಷರದ ವ್ಯತ್ಯಾಸಗಳಿವೆ. ಎಚ್‌ಡಿಎಲ್ ಮಟ್ಟಕ್ಕೆ ಸಂಬಂಧಿಸಿದ ಇಂಥ ನೂರಾರು ತಾಣಗಳು ಈಗ ಗೊತ್ತಿವೆ. ಸಾಮಾನ್ಯ ವ್ಯತ್ಯಾಸಗಳಲ್ಲಿ ಅತಿ ಬಲವಾದದ್ದು ಸಿಇಟಿಪಿ ಜೀನಿನ ಪಕ್ಕದ್ದು. ಅದರ ಒಂದು ಪ್ರತಿ ಇದ್ದರೆ ಎಚ್‌ಡಿಎಲ್ ಡೆಸಿಲೀಟರಿಗೆ ಸುಮಾರು 3 ಮಿಲಿಗ್ರಾಂ ಹೆಚ್ಚುತ್ತದೆ. ಉಳಿದವು ಬಹುಪಾಲು ಒಂದು ಮಿಲಿಗ್ರಾಂ ಆಸುಪಾಸಿನವು, ಇಲ್ಲವೇ ಅದಕ್ಕೂ ಕಡಿಮೆ. ಅಪ್ಪನಿಂದ ಬಂದ ಕೆಲವು ಇಳಿಸುವಂಥವು, ಅಮ್ಮನಿಂದ ಬಂದ ಕೆಲವು ಏರಿಸುವಂಥವು, ಎಲ್ಲ ಕೂಡಿ ಕಳೆದು ನಿಮ್ಮ ಮಟ್ಟ ನಿಂತಿದೆ. ಅಮ್ಮನ 88 ನಿಮಗೆ ಬರಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಅವರ ಏರಿಸುವ ಪ್ರತಿಗಳಲ್ಲಿ ನಿಮಗೆ ಸಿಗುವುದು ಅರ್ಧ ಮಾತ್ರ, ಅದೂ ಯಾವ ಅರ್ಧ ಎಂಬುದು ಅದೃಷ್ಟ.

ಅವಳಿಗಳ ಮತ್ತು ಕುಟುಂಬಗಳ ಅಧ್ಯಯನಗಳು ಎಚ್‌ಡಿಎಲ್‌ನ ಆನುವಂಶಿಕತೆಯನ್ನು ಶೇ. 40ರಿಂದ 60 ಎಂದು ಅಂದಾಜಿಸುತ್ತವೆ. ಈ ಅಂಕಿಯನ್ನು ಅನೇಕರು ತಪ್ಪಾಗಿ ಓದುತ್ತಾರೆ. ನಿಮ್ಮ 29ರಲ್ಲಿ ಅರ್ಧ ಜೀನಿನದು, ಅರ್ಧ ಊಟದ್ದು ಎಂದು ಇದರ ಅರ್ಥವಲ್ಲ. ಒಂದೇ ಬಗೆಯ ವಾತಾವರಣದಲ್ಲಿ ಬದುಕುವ ಒಂದು ಜನಸಮೂಹದಲ್ಲಿ ಒಬ್ಬರಿಂದ ಒಬ್ಬರಿಗೆ ಕಾಣುವ ಅಂತರದಲ್ಲಿ ಅಷ್ಟು ಪಾಲನ್ನು ಜೀನುಗಳ ಅಂತರ ವಿವರಿಸುತ್ತದೆ, ಅಷ್ಟೆ. ಇಡೀ ಸಮೂಹದ ಮಟ್ಟವೇ ಕೆಳಗಿದ್ದರೆ ಅದರ ಕಾರಣವನ್ನು ಈ ಶೇಕಡಾವಾರು ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಮೊದಲ ಹಂತದಲ್ಲಿ, ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದಲ್ಲಿ, ಪರೀಕ್ಷಿಸಿದವರ ಪೈಕಿ ಶೇ. 72.3 ಮಂದಿಗೆ ಎಚ್‌ಡಿಎಲ್ ಕಡಿಮೆ ಇತ್ತು. ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಎಂಬುದು ಅಳತೆಗೋಲು. ಮುಕ್ಕಾಲು ಪಾಲು ಜನರಲ್ಲಿ ಕಾಣುವುದನ್ನು ‘ಮನೆತನದ ದೋಷ’ ಎನ್ನುವುದು ಕಷ್ಟ. ಒಂದೇ ಮನೆಯವರು ಹಂಚಿಕೊಳ್ಳುವುದು ಜೀನನ್ನಷ್ಟೇ ಅಲ್ಲ, ಅಡುಗೆಯನ್ನೂ ಕೂಡ.

ಈಗ 215ರ ವಿಚಾರ. ರಕ್ತದಲ್ಲಿ ಟ್ರೈಗ್ಲಿಸರೈಡ್ ತುಂಬಿದ ವಿಎಲ್‌ಡಿಎಲ್ ಕಣಗಳು ಹೆಚ್ಚಿದ್ದಾಗ ಸಿಇಟಿಪಿಯ ಕೊಡುಕೊಳೆ ಜೋರಾಗುತ್ತದೆ. ಎಚ್‌ಡಿಎಲ್ ತನ್ನ ಕೊಲೆಸ್ಟರಾಲ್ ಕಳೆದುಕೊಂಡು ಟ್ರೈಗ್ಲಿಸರೈಡ್ ತುಂಬಿಕೊಳ್ಳುತ್ತದೆ. ಅಂಥ ಕಣವೆಂದರೆ ಲಿವರಿನ ಲೈಪೇಸಿಗೆ ಸುಲಭದ ತುತ್ತು. ಕತ್ತರಿಸಿ ಚಿಕ್ಕದಾದ ಕಣದಿಂದ ಅಪೋ ಎ-1 ಕಳಚಿಕೊಂಡು ಮೂತ್ರಪಿಂಡದಲ್ಲಿ ನಾಶವಾಗುತ್ತದೆ. ಹೀಗೆ ಎಚ್‌ಡಿಎಲ್ ತಯಾರಿಯಲ್ಲಿ ಯಾವ ದೋಷವೂ ಇಲ್ಲದೆ, ಬರೀ ಸವೆತದಿಂದ ಅಂಕಿ ಇಳಿಯುತ್ತದೆ. ಸೊಂಟ ದಪ್ಪಗಿದ್ದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ ನಡೆಯುವುದು ಇದೇ. ಇಲ್ಲಿಯೂ ಜೀನಿದೆ: ಟ್ರೈಗ್ಲಿಸರೈಡನ್ನು ಒಡೆಯುವ ಲೈಪೋಪ್ರೋಟೀನ್ ಲೈಪೇಸ್, ಅದಕ್ಕೆ ನೆರವಾಗುವ ಅಪೋ ಎ-5 ಇವುಗಳ ದುರ್ಬಲ ರೂಪಗಳು ಟ್ರೈಗ್ಲಿಸರೈಡನ್ನು ಏರಿಸಿ, ಆ ದಾರಿಯಲ್ಲಿ ಎಚ್‌ಡಿಎಲ್ ಇಳಿಸುತ್ತವೆ. ನಿಮ್ಮ ಮನೆಯಲ್ಲಿ ಹರಿದು ಬಂದಿರುವುದು ಬಹುಶಃ ಈ ಬಗೆಯದು. ಅಪ್ಪನ ಮತ್ತು ತಂಗಿಯ ಟ್ರೈಗ್ಲಿಸರೈಡ್ ಎಷ್ಟು ಎಂದು ನೀವು ಬರೆದಿಲ್ಲ. ಅವರದೂ 150 ದಾಟಿದ್ದರೆ ಈ ಊಹೆ ಗಟ್ಟಿಯಾಗುತ್ತದೆ. ತೂಕದ ಅಂಕಿ ನೋಡಿ ‘ನಾನು ಸಣ್ಣಗಿದ್ದೇನೆ’ ಅಂದುಕೊಳ್ಳಬೇಡಿ. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ನಿಮ್ಮದು 24ರ ಸುಮಾರು. ಭಾರತೀಯರಿಗೆ 23ರಿಂದಲೇ ಹೆಚ್ಚು ಎಂದು ಲೆಕ್ಕ, ಗಂಡಸರ ಸೊಂಟಕ್ಕೆ 90 ಸೆಂ.ಮೀ. ಮಿತಿ.

ಹಾಗಾದರೆ ಒಂದೇ ಜೀನು ಕೆಟ್ಟು ಎಚ್‌ಡಿಎಲ್ ಕುಸಿಯುವುದೇ ಇಲ್ಲವೇ? ಇದೆ, ಆದರೆ ಅದರ ಮುಖವೇ ಬೇರೆ. ಅಮೆರಿಕದ ವರ್ಜೀನಿಯಾ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಒಬ್ಬ ಬಾಲಕನ ಟಾನ್ಸಿಲ್‌ಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿದ್ದನ್ನು ಡೊನಾಲ್ಡ್ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 1961ರಲ್ಲಿ ವರದಿ ಮಾಡಿದರು. ಅವನ ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಇದಕ್ಕೆ ಎಬಿಸಿಎ-1 ಜೀನಿನ ಎರಡೂ ಪ್ರತಿಗಳು ಕೆಟ್ಟಿರುವುದೇ ಕಾರಣ ಎಂದು 1999ರಲ್ಲಿ ತಿಳಿಯಿತು. ಪಂಪು ಕೆಲಸ ಮಾಡದಿದ್ದಾಗ ಕೊಲೆಸ್ಟರಾಲ್ ಟಾನ್ಸಿಲ್, ಗುಲ್ಮ, ನರಗಳಲ್ಲಿ ಉಳಿದುಬಿಡುತ್ತದೆ. ಎಲ್‌ಕ್ಯಾಟ್ ಕಿಣ್ವ ಇಲ್ಲದವರಲ್ಲಿ ಕಣ್ಣಿನ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ ಮಬ್ಬಾಗುತ್ತದೆ, ರಕ್ತಹೀನತೆ ಬರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗಿ ಕಡೆಗೆ ಮೂತ್ರಪಿಂಡ ಸೋಲಬಹುದು. ಅಪೋ ಎ-1 ಜೀನೇ ಕೆಟ್ಟವರಲ್ಲಿ ಕೆಲವರಿಗೆ ಚರ್ಮದಲ್ಲಿ ಹಳದಿ ಗಂಟು, ಚಿಕ್ಕ ವಯಸ್ಸಿಗೇ ಹೃದ್ರೋಗ ಕಾಣುತ್ತದೆ.

ವೈದ್ಯರು ಇಂಥದ್ದನ್ನು ನೆನಪಿಸಿಕೊಳ್ಳುವುದು ಎಚ್‌ಡಿಎಲ್ 20ಕ್ಕಿಂತ ಕೆಳಗಿದ್ದು, ಟ್ರೈಗ್ಲಿಸರೈಡ್ ಅದಕ್ಕೆ ಕಾರಣವಾಗುವಷ್ಟು ಹೆಚ್ಚಿಲ್ಲದಿದ್ದಾಗ. ಆಗಲೂ ಜೀನಿಗೆ ಹೋಗುವ ಮೊದಲು ನೋಡಬೇಕಾದ ಕಳ್ಳರು ಬೇರೆ ಇದ್ದಾರೆ. ಜಿಮ್‌ನಲ್ಲಿ ಮೈ ಕಟ್ಟಲು ತೆಗೆದುಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್ ಎಚ್‌ಡಿಎಲ್ಲನ್ನು ಕೆಲವೇ ವಾರಗಳಲ್ಲಿ ನೆಲ ಕಚ್ಚಿಸುತ್ತದೆ. ಯುವಕರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಮನೆಯವರ ಮುಂದೆ ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲ. ಟ್ರೈಗ್ಲಿಸರೈಡ್ ಇಳಿಸುವ ಫೈಬ್ರೇಟ್ ಮಾತ್ರೆಯ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆಗಳಾದ ಪಿಯೋಗ್ಲಿಟಾಜೋನ್ ಅಥವಾ ರೋಸಿಗ್ಲಿಟಾಜೋನ್ ಸೇರಿದಾಗ ಅಪರೂಪಕ್ಕೆ ಕೆಲವರಲ್ಲಿ ಎಚ್‌ಡಿಎಲ್ ವಿಚಿತ್ರವಾಗಿ ಕುಸಿಯುತ್ತದೆ, ಮಾತ್ರೆ ನಿಲ್ಲಿಸಿದರೆ ಮರಳುತ್ತದೆ. ಜೋರು ಜ್ವರ, ಸೋಂಕು, ಶಸ್ತ್ರಚಿಕಿತ್ಸೆ ಆದ ಹೊಸತರಲ್ಲಿ ಪರೀಕ್ಷಿಸಿದರೆ ಅಂಕಿ ತಪ್ಪು ದಾರಿ ಹಿಡಿಸುತ್ತದೆ. ಮೈಲೋಮ ಎಂಬ ರಕ್ತದ ಕ್ಯಾನ್ಸರಿನಂಥ ಕಾಯಿಲೆಯಲ್ಲಿ ರಕ್ತದಲ್ಲಿರುವ ಅಸಹಜ ಪ್ರೋಟೀನ್ ಯಂತ್ರವನ್ನೇ ಮೋಸಗೊಳಿಸಿ, ಇರುವ ಎಚ್‌ಡಿಎಲ್ಲನ್ನು ಇಲ್ಲವೆಂದು ತೋರಿಸಬಹುದು. ನಿಮ್ಮದು 29 ಮತ್ತು 31, ಎರಡು ವರ್ಷದ ಅಂತರದಲ್ಲಿ ಒಂದೇ ಕಥೆ. ಈ ಪಟ್ಟಿಯ ಯಾವುದೂ ನಿಮಗೆ ಹೊಂದುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ: ಎಚ್‌ಡಿಎಲ್ ಕಡಿಮೆ ಎಂಬುದೇ ಹೃದಯಕ್ಕೆ ಕೇಡೋ, ಅಥವಾ ಕೇಡಿನ ಜೊತೆಯಲ್ಲಿ ಕಾಣಿಸಿಕೊಳ್ಳುವ ಗುರುತೋ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಪ್ರಸಿದ್ಧ ಹೃದಯ ಅಧ್ಯಯನದ ಕಾಲದಿಂದಲೂ ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದಯಾಘಾತ ಹೆಚ್ಚು ಎಂಬುದು ಸ್ಪಷ್ಟ. ಆದರೆ ಅಂಥವರಲ್ಲಿ ಬೊಜ್ಜು, ಸಕ್ಕರೆ, ಟ್ರೈಗ್ಲಿಸರೈಡ್ ಎಲ್ಲವೂ ಜೊತೆಗೇ ಇರುತ್ತವೆ. ಬಿಡಿಸಿ ನೋಡಲು ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಬೇಕು. ಹುಟ್ಟಿನಿಂದಲೇ ಎಚ್‌ಡಿಎಲ್ಲನ್ನು ಮಾತ್ರ ಏರಿಸುವ ಅಥವಾ ಇಳಿಸುವ ಜೀನ್ ರೂಪ ಇದ್ದವರನ್ನು ಹಿಡಿದು ಅವರ ಹೃದಯದ ಗತಿ ಏನಾಯಿತು ಎಂದು ನೋಡುವುದು ಅಂಥ ಪ್ರಯೋಗ.

ನೋಡಿದ್ದಾರೆ. ಎಂಡೋಥೀಲಿಯಲ್ ಲೈಪೇಸ್ ಜೀನಿನಲ್ಲಿ 396ನೇ ಜಾಗದ ಆಸ್ಪರಜೀನ್ ಎಂಬ ಅಮೈನೋ ಆಮ್ಲದ ಬದಲು ಸೆರೀನ್ ಬಂದವರು ಯುರೋಪಿನ ಮೂಲದವರಲ್ಲಿ ಶೇ. 2.6ರಷ್ಟಿದ್ದಾರೆ. ಅವರಿಗೆ ಎಚ್‌ಡಿಎಲ್ ಸುಮಾರು 5.5 ಮಿಲಿಗ್ರಾಂ ಹೆಚ್ಚು, ಉಳಿದ ಕೊಬ್ಬಿನ ಅಂಶಗಳೆಲ್ಲ ಇತರರಂತೆಯೇ. ಹಳೆಯ ಲೆಕ್ಕದಂತೆ ಅವರಿಗೆ ಹೃದಯಾಘಾತ ಶೇ. 13ರಷ್ಟು ಕಡಿಮೆ ಆಗಬೇಕಿತ್ತು. 2012ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ಇದರ ತಿರುವುಮುರುವು ಕೋಪನ್‌ಹೇಗನ್‌ನಲ್ಲಿ ಕಂಡಿತ್ತು: ಎಬಿಸಿಎ-1ರ ಒಂದು ಪ್ರತಿ ಕೆಟ್ಟು ಎಚ್‌ಡಿಎಲ್ ಜೀವನವಿಡೀ ಕಡಿಮೆ ಇದ್ದವರಿಗೆ ಹೃದ್ರೋಗ ಹೆಚ್ಚಾಗಿರಲಿಲ್ಲ ಎಂದು 2008ರಲ್ಲಿ ವರದಿಯಾಯಿತು.

ಇಟಲಿಯ ಗಾರ್ಡಾ ಸರೋವರದ ದಂಡೆಯ ಲಿಮೋನೆ ಎಂಬ ಊರಿನ ಕಥೆ ಇನ್ನೂ ಪ್ರಸಿದ್ಧ. 1930ರ ದಶಕದವರೆಗೆ ರಸ್ತೆಯೇ ಇಲ್ಲದ, ನೀರಿನ ಮೇಲಷ್ಟೇ ಹೋಗಿಬರುತ್ತಿದ್ದ ಊರು. ಅಲ್ಲಿಯ ಮೂವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅಪೋ ಎ-1ರ ಒಂದು ಬದಲಾದ ರೂಪ ಸಿಕ್ಕಿತು. ಮಿಲಾನಿನ ವಿಜ್ಞಾನಿಗಳು ಗುರುತಿಸಿದ್ದರಿಂದ ಅದಕ್ಕೆ ಅಪೋ ಎ-1 ಮಿಲಾನೋ ಎಂದು ಹೆಸರು. ಇವರ ಎಚ್‌ಡಿಎಲ್ ನಿಮಗಿಂತಲೂ ಕಡಿಮೆ, ಹಲವರದು 10ರಿಂದ 30ರ ನಡುವೆ. ಆದರೂ ಹೃದಯದ ರಕ್ತನಾಳಗಳು ಕೆಟ್ಟಿರಲಿಲ್ಲ. ಈ ಪ್ರೋಟೀನನ್ನೇ ಔಷಧವಾಗಿಸುವ ಪ್ರಯತ್ನವೂ ಆಯಿತು: 2003ರ ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು, 2016ರ ಹೊಸ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಎಲ್ಲಕ್ಕಿಂತ ಕಣ್ಣು ತೆರೆಸುವುದು ಎಸ್‌ಆರ್-ಬಿ1. ಲಿವರಿನ ಈ ಗ್ರಾಹಕದ ಜೀನಿನಲ್ಲಿ 376ನೇ ಜಾಗದ ಬದಲಾವಣೆಯ ಎರಡೂ ಪ್ರತಿ ಇದ್ದ ಒಬ್ಬರಲ್ಲಿ ಎಚ್‌ಡಿಎಲ್ 150 ದಾಟಿತ್ತು. ಆ ಬದಲಾವಣೆ ಹೊತ್ತವರಿಗೆ ಹೃದ್ರೋಗದ ಅಪಾಯ ಕಡಿಮೆ ಅಲ್ಲ, ಹೆಚ್ಚು ಎಂದು 2016ರಲ್ಲಿ ತಿಳಿಯಿತು. ಕಾರಣ ಸರಳ: ಕಸ ಸುರಿಯುವ ಜಾಗದ ಗೇಟು ಮುಚ್ಚಿದರೆ ತುಂಬಿದ ಗಾಡಿಗಳು ಊರ ತುಂಬ ಸಾಲುಗಟ್ಟುತ್ತವೆ, ಗಾಡಿ ಎಣಿಸಿ ಊರು ಸ್ವಚ್ಛವಾಗಿದೆ ಅನ್ನಲಾಗದು. ಪ್ರಯೋಗಾಲಯ ಎಣಿಸುವುದು ನಿಂತ ಕೊಲೆಸ್ಟರಾಲನ್ನು, ಸಾಗುತ್ತಿರುವುದನ್ನಲ್ಲ.

ನಿಮ್ಮ ಅಮ್ಮನ 88ಕ್ಕೂ ಇದು ಅನ್ವಯಿಸುತ್ತದೆ. ಜಪಾನಿನಲ್ಲಿ, ಅದರಲ್ಲೂ ಅಕಿತಾ ಪ್ರಾಂತದ ಓಮಗಾರಿ ಪ್ರದೇಶದಲ್ಲಿ, ಸಿಇಟಿಪಿ ಕೆಲಸ ಮಾಡದ ಜೀನ್ ರೂಪಗಳು ಸಾಮಾನ್ಯ. ಎರಡೂ ಪ್ರತಿ ಕೆಟ್ಟವರಲ್ಲಿ ಎಚ್‌ಡಿಎಲ್ 100 ದಾಟುತ್ತದೆ. ಮೊದಲು ಇದನ್ನು ದೀರ್ಘಾಯುಷ್ಯದ ಲಕ್ಷಣ ಎಂದು ಭಾವಿಸಿದ್ದರು, ಮುಂದಿನ ಅಧ್ಯಯನಗಳು ಆ ಭರವಸೆಯನ್ನು ಎತ್ತಿಹಿಡಿಯಲಿಲ್ಲ. ಡೆನ್ಮಾರ್ಕಿನ ಲಕ್ಷಕ್ಕೂ ಮೀರಿದ ಜನರ ಲೆಕ್ಕ 2017ರಲ್ಲಿ ಬಂದಾಗ, ಸಾವಿನ ಪ್ರಮಾಣ ಅತಿ ಕಡಿಮೆ ಇದ್ದದ್ದು ಗಂಡಸರಲ್ಲಿ ಎಚ್‌ಡಿಎಲ್ 73ರ ಬಳಿ, ಹೆಂಗಸರಲ್ಲಿ 93ರ ಬಳಿ. ಅದರಿಂದಾಚೆ ಮತ್ತೆ ಏರುತ್ತ ಹೋಗಿತ್ತು. ಅಮ್ಮನ 88 ಹೆದರುವಂಥದ್ದಲ್ಲ. ಆದರೆ ಅದು 168ರ ಎಲ್‌ಡಿಎಲ್‌ಗೆ ಗುರಾಣಿಯೂ ಅಲ್ಲ. ಎಲ್‌ಡಿಎಲ್ ವಿಷಯದಲ್ಲಿ ಜೀನುಗಳ ಸಾಕ್ಷ್ಯ ಪೂರ್ತಿ ಉಲ್ಟಾ: ಅದನ್ನು ಏರಿಸುವ ಪ್ರತಿ ಬದಲಾವಣೆಯೂ ಹೃದ್ರೋಗ ಹೆಚ್ಚಿಸುತ್ತದೆ, ಇಳಿಸುವುದು ಕಡಿಮೆ ಮಾಡುತ್ತದೆ. ಅವರ ವಯಸ್ಸು, ಬಿಪಿ, ಸಕ್ಕರೆ ಹಿಡಿದು ವೈದ್ಯರು ಮಾತ್ರೆ ಹೇಳಿದ್ದರೆ ಎಚ್‌ಡಿಎಲ್ ನೆಪದಲ್ಲಿ ಬಿಡುವುದು ಸರಿಯಲ್ಲ. ಒಳ್ಳೆಯದರಿಂದ ಕೆಟ್ಟದ್ದನ್ನು ಕಳೆಯುವ ಲೆಕ್ಕ ದೇಹ ಮಾಡುವುದಿಲ್ಲ.

ಮಾತ್ರೆಗಳ ಇತಿಹಾಸ ಈ ಜೀನ್ ಪಾಠವನ್ನೇ ದುಬಾರಿಯಾಗಿ ಕಲಿಸಿತು. ಸಿಇಟಿಪಿ ತಡೆಯುವ ಟಾರ್ಸೆಟ್ರಾಪಿಬ್ ಎಚ್‌ಡಿಎಲ್ಲನ್ನು ಶೇ. 72 ಏರಿಸಿತು, ಬಿಪಿಯನ್ನೂ ಏರಿಸಿತು; ಸುಮಾರು 15,000 ಜನರ ಪ್ರಯೋಗದಲ್ಲಿ ಸಾವು ಹೆಚ್ಚಾಗಿ 2006ರ ಡಿಸೆಂಬರಿನಲ್ಲಿ ನಿಲ್ಲಿಸಬೇಕಾಯಿತು. ಡಾಲ್ಸೆಟ್ರಾಪಿಬ್, ಇವಾಸೆಟ್ರಾಪಿಬ್ ಅಂಕಿ ಏರಿಸಿದವು, ಫಲ ಕೊಡಲಿಲ್ಲ. ಅನಾಸೆಟ್ರಾಪಿಬ್ 2017ರಲ್ಲಿ 30,449 ಜನರಲ್ಲಿ ಹೃದಯದ ಘಟನೆಗಳನ್ನು ಶೇ. 9 ತಗ್ಗಿಸಿತು, ಆದರೆ ಅಷ್ಟನ್ನು ವಿವರಿಸಲು ಅದು ಕೆಟ್ಟ ಕೊಲೆಸ್ಟರಾಲ್ ಇಳಿಸಿದ್ದೇ ಸಾಕಿತ್ತು. ಎರಡುಪಟ್ಟು ಏರಿದ ಎಚ್‌ಡಿಎಲ್‌ನ ಪಾಲು ಕಾಣಲಿಲ್ಲ. ಬಿ3 ವಿಟಮಿನ್ನಾದ ನಯಾಸಿನ್ 25,673 ಜನರ ಪ್ರಯೋಗದಲ್ಲಿ ಲಾಭ ತರದೆ ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವ ಹೆಚ್ಚಿಸಿತು. ಎಚ್‌ಡಿಎಲ್ ಏರಿಸಲು ಎಂದು ನಯಾಸಿನ್ ಡಬ್ಬಿ ಯಾರಾದರೂ ಕೊಟ್ಟರೆ ಮರಳಿಸಿ.

ಜೀನ್ ಪರೀಕ್ಷೆ ಬೇಡವೆನ್ನಲು ಎರಡು ಕಾರಣ. ಎಂಜಲು ಕಳಿಸಿ ತರಿಸುವ ಸಾಮಾನ್ಯ ಪರೀಕ್ಷೆ ‘ನಿಮಗೆ ಎಚ್‌ಡಿಎಲ್ ಕಡಿಮೆಯಾಗುವ ಪ್ರವೃತ್ತಿ ಇದೆ’ ಎನ್ನುತ್ತದೆ. ಅದನ್ನು ರಕ್ತಪರೀಕ್ಷೆ ಆಗಲೇ ಹೇಳಿದೆ, ಹೆಚ್ಚು ಖಚಿತವಾಗಿ. ಅಲ್ಲದೆ ಅಂಥ ಪರೀಕ್ಷೆ ಕೊಡುವ ಅಪಾಯದ ಅಂಕಗಳನ್ನು ಕಟ್ಟಿರುವುದು ಬಹುಪಾಲು ಯುರೋಪಿನ ಮೂಲದವರ ಮಾಹಿತಿಯಿಂದ, ನಮ್ಮವರಲ್ಲಿ ಅವುಗಳ ನಿಖರತೆ ಕಡಿಮೆ. ಎಬಿಸಿಎ-1, ಅಪೋ ಎ-1, ಎಲ್‌ಕ್ಯಾಟ್ ಜೀನುಗಳನ್ನು ಪೂರ್ತಿ ಓದಿಸುವುದಕ್ಕೆ ಅರ್ಥವಿರುವುದು ಮೇಲೆ ಹೇಳಿದ 20ರ ಕೆಳಗಿನವರಿಗೆ, ಕಣ್ಣು, ಗಂಟಲು, ಮೂತ್ರದಲ್ಲಿ ಗುರುತು ಇರುವವರಿಗೆ. ಅಲ್ಲಿಯೂ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂಬ ಉತ್ತರ ಬಂದು ಗೊಂದಲ ಹೆಚ್ಚುವುದು ಅಪರೂಪವಲ್ಲ. ಆನುವಂಶಿಕವಾಗಿದ್ದು ನೀವು ನಿಜಕ್ಕೂ ಅಳೆಸಬೇಕಾದ್ದು ಎಲ್‌ಡಿಎಲ್ಲನ್ನು ಹೋಲುವ ಕಣವಾದ ಲೈಪೋಪ್ರೋಟೀನ್ ‘ಸಣ್ಣ ಎ’. ಅದರ ಮಟ್ಟ ಬಹುತೇಕ ಜೀನಿನಿಂದಲೇ ನಿರ್ಧಾರವಾಗುತ್ತದೆ, ಜೀವನದಲ್ಲಿ ಒಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು, 50 ಮಿಲಿಗ್ರಾಂ ದಾಟಿದ್ದರೆ ಅಪಾಯದ ಲೆಕ್ಕ ಬದಲಾಗುತ್ತದೆ. ಅಪ್ಪನ ಕಡೆ ಗಂಡಸರಿಗೆ 55ರ ಒಳಗೆ, ಹೆಂಗಸರಿಗೆ 65ರ ಒಳಗೆ ಹೃದಯಾಘಾತ ಆಗಿತ್ತೇ ಎಂದು ಕೇಳಿ ತಿಳಿದುಕೊಳ್ಳಿ. ಕಾಸು ಖರ್ಚಿಲ್ಲದ ವಂಶವಾಹಿ ಪರೀಕ್ಷೆ ಅದು.

ನಿಮ್ಮ ರಿಪೋರ್ಟಿನ ಎಲ್‌ಡಿಎಲ್ 106 ಅಳೆದದ್ದಲ್ಲ, ಲೆಕ್ಕ ಹಾಕಿದ್ದು: 178ರಿಂದ 29 ಕಳೆದು, 215ರ ಐದನೇ ಒಂದು ಭಾಗವಾದ 43 ಕಳೆದರೆ 106. ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಈ ಲೆಕ್ಕ ನಿಜಸ್ಥಿತಿಯನ್ನು ಹಗುರ ಮಾಡಿ ತೋರಿಸುತ್ತದೆ, 400 ದಾಟಿದರೆ ಪೂರ್ತಿ ಕೆಡುತ್ತದೆ. ಬದಲಿಗೆ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ: 149. ರಕ್ತನಾಳಕ್ಕೆ ಅಂಟುವ ಕಣಗಳೆಲ್ಲ ಇದರಲ್ಲಿವೆ. ಇದು 130ರ ಒಳಗೆ ಬರಲಿ ಎಂಬುದು ನಿಮ್ಮ ಗುರಿ, ಎಚ್‌ಡಿಎಲ್ 40 ಆಗಲಿ ಎಂಬುದಲ್ಲ. ಸಾಧ್ಯವಾದರೆ ಆ ಕಣಗಳ ಮೇಲಿರುವ ಪ್ರೋಟೀನಾದ ಅಪೋ ಬಿ ಅಳೆಸಿ, ಇನ್ನೂ ಸ್ಪಷ್ಟ. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಲಿವರಿನ ಎಎಲ್‌ಟಿ, ಬಿಪಿ ನೋಡಿಸಿ. ಲಿವರಿನಲ್ಲಿ ಕೊಬ್ಬು ಕೂತಿರುವ ಸಾಧ್ಯತೆ ನಿಮ್ಮಂಥ ರಿಪೋರ್ಟಿನಲ್ಲಿ ಸಾಕಷ್ಟು.

ಮಾಡಬೇಕಾದ್ದು ಟ್ರೈಗ್ಲಿಸರೈಡ್ ಇಳಿಸುವ ಕೆಲಸ. ತಟ್ಟೆಯಲ್ಲಿ ಅನ್ನ, ಮುದ್ದೆ, ರೊಟ್ಟಿ ಸೇರಿ ಕಾಲು ಭಾಗ ಮೀರದಿರಲಿ. ಅರ್ಧದಷ್ಟು ತರಕಾರಿ, ಸೊಪ್ಪು. ಉಳಿದದ್ದು ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೀನು, ಕೋಳಿ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಟೀ, ಹಣ್ಣಿನ ಜ್ಯೂಸು ಇವೇ ಟ್ರೈಗ್ಲಿಸರೈಡಿನ ಕಚ್ಚಾವಸ್ತು. ಕೊಬ್ಬರಿ ಎಣ್ಣೆ ತಿಂದರೆ ಎಚ್‌ಡಿಎಲ್ ಏರುತ್ತದಲ್ಲ ಎಂದು ಕೇಳುವವರಿದ್ದಾರೆ. ಏರುತ್ತದೆ, ಬೇರೆ ಸಸ್ಯ ಎಣ್ಣೆಗಳಿಗೆ ಹೋಲಿಸಿದ 2020ರ ವಿಶ್ಲೇಷಣೆಯಲ್ಲಿ ಎಚ್‌ಡಿಎಲ್ 4 ಏರಿದ್ದರೆ ಎಲ್‌ಡಿಎಲ್ 10 ಏರಿತ್ತು. ಬೆಣ್ಣೆ ದೋಸೆಯ ಪರವಾಗಿ ವಾದಿಸುವವರಿಗೂ ಇದೇ ಉತ್ತರ. ಮದ್ಯವೂ ಎಚ್‌ಡಿಎಲ್ ಏರಿಸುತ್ತದೆ, ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. ಕುಡಿಯದವರು ಆ ಕಾರಣಕ್ಕೆ ಶುರುಮಾಡುವುದು ಬುದ್ಧಿವಂತಿಕೆಯಲ್ಲ.

ವ್ಯಾಯಾಮದಿಂದ ಎಷ್ಟು ನಿರೀಕ್ಷಿಸಬೇಕು? ಪ್ರಯೋಗಗಳ ಸರಾಸರಿ ಏರಿಕೆ 2.5 ಮಿಲಿಗ್ರಾಂ, ಅದೂ ವಾರಕ್ಕೆ ಕನಿಷ್ಠ 120 ನಿಮಿಷ ಬಿರುಸಾಗಿ ನಡೆದರೆ. ಆನುವಂಶಿಕವಾಗಿ ಕಡಿಮೆ ಇರುವವರಲ್ಲಿ ಅಷ್ಟೂ ಏರದಿರಬಹುದು. ಇಲ್ಲಿಯೇ ಹಲವರು ಸೋತು ಬಿಡುವುದು: ಮೂರು ತಿಂಗಳು ಬೆವರು ಸುರಿಸಿ 29 ಬರೀ 30 ಆಗಿದೆ ಎಂದು ನಡಿಗೆ ನಿಲ್ಲಿಸುತ್ತಾರೆ, ಪಕ್ಕದಲ್ಲಿ 215 ಇದ್ದದ್ದು 150 ಆಗಿರುವುದನ್ನು ನೋಡುವುದೇ ಇಲ್ಲ. ತೂಕ ಇಳಿಯುತ್ತಿರುವ ವಾರಗಳಲ್ಲಿ ಎಚ್‌ಡಿಎಲ್ ಇನ್ನಷ್ಟು ತಗ್ಗುವುದೂ ಉಂಟು. ತೂಕ ಒಂದು ಮಟ್ಟಕ್ಕೆ ನಿಂತ ಮೇಲೆ ಸರಿಹೋಗುತ್ತದೆ. ನಿಮ್ಮ ಗುರಿ 4ರಿಂದ 5 ಕೆ.ಜಿ., ಸೊಂಟ 90ರ ಒಳಗೆ.

ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ: ಜ್ವರ, ನೆಗಡಿ ಇಲ್ಲದ ದಿನ, 10ರಿಂದ 12 ಗಂಟೆ ಖಾಲಿ ಹೊಟ್ಟೆ, ಅದೇ ಲ್ಯಾಬ್. ಎಚ್‌ಡಿಎಲ್ ಹೊರತಾದ ಕೊಲೆಸ್ಟರಾಲ್ ಆಗಲೂ 149ರ ಆಸುಪಾಸಿನಲ್ಲೇ ಇದ್ದು, ಲೈಪೋಪ್ರೋಟೀನ್ ‘ಸಣ್ಣ ಎ’ ಹೆಚ್ಚಿದ್ದರೆ ಅಥವಾ ಮನೆಯಲ್ಲಿ ಬೇಗನೆ ಹೃದಯಾಘಾತ ಆದ ಇತಿಹಾಸ ಇದ್ದರೆ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರೊಂದಿಗೆ ಮಾತಾಡಿ. ಅದು ಎಚ್‌ಡಿಎಲ್ಲನ್ನು ಏರಿಸುವುದು ಶೇ. 5ರಿಂದ 10 ಮಾತ್ರ, ಕೊಡುವುದೂ ಆ ಕಾರಣಕ್ಕಲ್ಲ. ಟ್ರೈಗ್ಲಿಸರೈಡ್ ಎಂದಾದರೂ 500 ದಾಟಿದರೆ ಮೂರು ತಿಂಗಳು ಕಾಯಬೇಡಿ. ಆಗ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ, ಆ ವಾರವೇ ವೈದ್ಯರನ್ನು ಕಾಣಿ. ತಂಗಿಯ 34 ಹೆಂಗಸರ ಅಳತೆಯಲ್ಲಿ ನಿಮ್ಮದಕ್ಕಿಂತ ಹೆಚ್ಚೇನೂ ಒಳ್ಳೆಯದಲ್ಲ. ಅವರಿಗೂ ಟ್ರೈಗ್ಲಿಸರೈಡ್, ಎಚ್‌ಬಿಎ1ಸಿ ನೋಡಿಸಿ. ಗರ್ಭಿಣಿಯಾಗಿದ್ದಾಗ ಸಕ್ಕರೆ ಬಂದಿತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಲಿ.